ಗಿಟಾರ್ ಸ್ಟ್ರಿಂಗ್ ಕಟ್ ಆದ್ರೆ ಪಿಕಪ್ ಬದಲಾಯಿಸಿ ಅನ್ನೋ ಸಲಹೆ ನಿಲ್ಲಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಪಂಪ್‌ಸೆಟ್ ಬಗ್ಗೆ, ಮೊಬೈಲ್ ಬಗ್ಗೆ, ಬೈಕ್ ಮೈಲೇಜ್ ಬಗ್ಗೆ ಎಲ್ಲಾ ಬರುತ್ತೆ, ಗಿಟಾರ್ ಬಗ್ಗೆ ಬಂದಿದ್ದು ನಾನಂತೂ ನೋಡಿಲ್ಲ. ಆದ್ರೆ ಇವತ್ತು ತುಮಕೂರಲ್ಲಿ ಎಸ್.ಎಸ್. ಪುರಂ ಇರಲಿ, ಬಟವಾಡಿ ಇರಲಿ, ಕ್ಯಾತ್ಸಂದ್ರ ಇರಲಿ, ಸಂಜೆ ಹೊತ್ತು ನಡ್ಕೊಂಡು ಹೋದ್ರೆ ಯಾವುದಾದ್ರೂ ಮನೆಯಿಂದ ಗಿಟಾರ್ ಸೌಂಡ್ ಕೇಳೇ ಕೇಳುತ್ತೆ. ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸೋನು, ಗುಬ್ಬಿ, ತಿಪಟೂರು, ಶಿರಾ, ಮಧುಗಿರಿ, ಕುಣಿಗಲ್ ಕಡೆ ಗಣೇಶನ ಪೆಂಡಾಲು ರಾಜ್ಯೋತ್ಸವದ ಸ್ಟೇಜು ಅಂತ ಓಡಾಡ್ತಾ ಇರ್ತೀನಿ, ಬಿಡುವಿದ್ದಾಗ ಗೊತ್ತಿರೋ ಹುಡುಗ್ರ ಗಿಟಾರ್ ರಿಪೇರಿನೂ ಮಾಡ್ಕೊಡ್ತೀನಿ. ಆ ಅನುಭವದಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತಾಗ್ಲಿ ಅಂತ ಈ ಪತ್ರ.

ಹಬ್ಬದ ಸೀಸನ್ ಹತ್ರ ಬಂತು ಅಂದ್ರೆ ಹುಡುಗ್ರು ಬಂದು ಹೇಳೋದು ಹೆಚ್ಚುಕಡಿಮೆ ಒಂದೇ ಮಾತು, "ಅಣ್ಣಾ, ಸ್ಟ್ರಿಂಗ್ ನಿಲ್ತಾನೇ ಇಲ್ಲ, ಹಾಕಿದ ವಾರಕ್ಕೇ ಕಟ್ ಆಗುತ್ತೆ, ಅಂಗಡೀಲಿ ಕೇಳಿದ್ರೆ ಪಿಕಪ್ ಹಳೇದಾಗಿದೆ ಒಳ್ಳೇ ಕಂಪನಿದು ಹಾಕ್ಸು ಎಲ್ಲಾ ಸರಿ ಹೋಗುತ್ತೆ ಅಂದ್ರು." ಇದನ್ನ ಕೇಳಿದಾಗೆಲ್ಲಾ ನಂಗೆ ಹೊಟ್ಟೆ ಉರಿಯುತ್ತೆ ಸಾರ್. ಪಿಕಪ್ಪಿಗೂ ಸ್ಟ್ರಿಂಗ್ ಕಟ್ ಆಗೋದಕ್ಕೂ ಸಂಬಂಧಾನೇ ಇಲ್ಲ. ಪಿಕಪ್ ಅಂದ್ರೆ ಸ್ಟ್ರಿಂಗ್ ಅಲುಗಾಟವನ್ನ ಕರೆಂಟ್ ಮಾಡಿ ಆಂಪ್ಲಿಫೈಯರ್‌ಗೆ ಕಳಿಸೋ ಭಾಗ, ಅದು ಸ್ಟ್ರಿಂಗನ್ನ ಮುಟ್ಟೋದೇ ಇಲ್ಲ, ಕೆಳಗಡೆ ಎರಡು ಮೂರು ಮಿಲಿಮೀಟರ್ ದೂರದಲ್ಲಿ ಕೂತಿರುತ್ತೆ ಅಷ್ಟೆ. ಆ ಹುಡುಗರ ಅಪ್ಪಂದಿರು ಚೀಟಿ ಎತ್ತಿ ಗಿಟಾರ್ ಕೊಡಿಸಿರ್ತಾರೆ, ಇನ್ನೊಂದು ಸಲ ಸಾವಿರಾರು ರೂಪಾಯಿ ಪಿಕಪ್ಪಿಗೆ ಹಾಕಿದ ಮೇಲೂ ಸ್ಟ್ರಿಂಗ್ ಮತ್ತೆ ಅದೇ ಜಾಗದಲ್ಲಿ ಟಣ್ ಅಂತ ಹೋಗುತ್ತೆ, ಆಮೇಲೆ ಮನೇಲಿ ಬೈಗಳ, ಹುಡುಗ ಗಿಟಾರನ್ನ ಅಟ್ಟದ ಮೇಲೆ ಇಟ್ಬಿಡ್ತಾನೆ.

ಕಟ್ ಆದ ಸ್ಟ್ರಿಂಗನ್ನ ಬಿಸಾಕಬೇಡಿ, ಅದೇ ಎಲ್ಲಾ ಹೇಳುತ್ತೆ. ಎರಡು ತುಂಡೂ ಕೈಲಿ ಹಿಡ್ಕೊಂಡು ಎಲ್ಲಿ ಕಟ್ ಆಗಿದೆ ಅಂತ ಅಳತೆ ಹಾಕಿ ನೋಡಿ. ಬ್ರಿಡ್ಜ್ ಕಡೆ, ಅಂದ್ರೆ ಗಿಟಾರಿನ ಮೈ ಮೇಲೆ ಸ್ಟ್ರಿಂಗ್ ಸಿಕ್ಕಿಸೋ ಕಡೆ, ಸ್ಟ್ರಿಂಗ್ ಕೂರೋ ಸ್ಯಾಡಲ್ ಅನ್ನೋ ಸಣ್ಣ ತುಂಡಿನ ಮೇಲೇ ಹೋಗಿದ್ರೆ ಸ್ಯಾಡಲ್ ತೊಂದರೆ, ತಲೆ ಹತ್ರ ಸ್ಟ್ರಿಂಗ್ ಹಾಯೋ ನಟ್ ಅನ್ನೋ ಪಟ್ಟಿಯಲ್ಲಿ ಹೋಗಿದ್ರೆ ನಟ್‌ನ ಗಾಡಿ, ಅಂದ್ರೆ ಸ್ಟ್ರಿಂಗ್ ಕೂರೋ ಸಣ್ಣ ಕೊರೆತ, ಬಿಗಿ ಇದೆ ಅಂತ ಅರ್ಥ, ಟ್ಯೂನಿಂಗ್ ಕೀ ಸುತ್ತಿದ ಜಾಗದಲ್ಲಿ ಹೋಗಿದ್ರೆ ಆ ಕಂಬದ ತೂತಿನ ಅಂಚು ಚೂಪಾಗಿದೆ ಇಲ್ಲಾ ಸುತ್ತೋವಾಗ ಮಡಚಿ ಹೋಗಿದೆ. ನಾನು ನೋಡಿರೋದ್ರಲ್ಲಿ ಜಾಸ್ತಿ ಸ್ಯಾಡಲ್ಲೇ. ಕಮ್ಮಿ ರೇಟಿನ ಗಿಟಾರಲ್ಲಿ ಸ್ಯಾಡಲನ್ನ ಅಚ್ಚು ಹಾಕಿ ಮೇಲೆ ಕ್ರೋಮ್ ಕೊಟ್ಟಿರ್ತಾರೆ, ಆ ಕ್ರೋಮ್ ಸ್ವಲ್ಪ ಸವೆದ ಮೇಲೆ ಒಳಗಿನ ಲೋಹದಲ್ಲಿ ಸಣ್ಣದೊಂದು ಹಲ್ಲು ಎದ್ದಿರುತ್ತೆ, ಬರೀ ಕಣ್ಣಿಗೆ ಕಾಣಲ್ಲ, ಬೆರಳಿಗೂ ಗೊತ್ತಾಗಲ್ಲ.

ಅದನ್ನ ಕಂಡುಹಿಡಿಯೋಕೆ ನಾನು ಮಾಡೋದು ಹೀಗೆ. ಮೆಡಿಕಲ್ ಸ್ಟೋರಲ್ಲಿ ಸಿಗೋ ಹತ್ತಿ ಸ್ವಲ್ಪ ತಗೊಂಡು, ಸ್ಟ್ರಿಂಗ್ ತೆಗೆದ ಸ್ಯಾಡಲ್ ಮೇಲೆ, ಸ್ಟ್ರಿಂಗ್ ಹೋಗೋ ದಿಕ್ಕಲ್ಲೇ ಮೆಲ್ಲಗೆ ಎಳೆಯೋದು. ನುಣುಪಾಗಿದ್ರೆ ಹತ್ತಿ ಹಂಗೇ ಜಾರ್ಕೊಂಡು ಬರುತ್ತೆ. ಚೂಪು ಇದ್ರೆ ಒಂದು ಎಳೆ ಅಲ್ಲೇ ಸಿಕ್ಕಾಕೊಳ್ಳುತ್ತೆ, ಮೊಬೈಲ್ ಟಾರ್ಚ್ ಅಡ್ಡಡ್ಡ ಹಿಡಿದು ನೋಡಿದ್ರೆ ಆ ಬಿಳಿ ಎಳೆ ಬುಡದಲ್ಲಿ ಪಳಕ್ ಅನ್ನೋ ಒಂದು ಚುಕ್ಕೆ ಕಾಣುತ್ತೆ, ಅದೇ ಸ್ಟ್ರಿಂಗನ್ನ ದಿನಾ ಕೊಯ್ತಾ ಇರೋದು. ಇದನ್ನ ಹುಡುಗ್ರಿಗೆ ತೋರಿಸಿದಾಗ ಅವರ ಮುಖ ನೋಡ್ಬೇಕು ನೀವು.

ತೆಗೆಯೋದು ಇನ್ನೂ ಸುಲಭ. ಹಾರ್ಡ್‌ವೇರ್ ಅಂಗಡೀಲಿ 600 ನಂಬರಿನ ವಾಟರ್ ಪೇಪರ್ ಸಿಗುತ್ತೆ, ಅದನ್ನ ಸಣ್ಣಗೆ ಮಡಚಿ ಗಾಡಿಯಲ್ಲಿ ಸ್ಟ್ರಿಂಗ್ ದಿಕ್ಕಲ್ಲೇ ಹತ್ತಾರು ಸಲ ಉಜ್ಜಿ, ಇಲ್ಲಾ ಹಳೇ ದಪ್ಪ ಸ್ಟ್ರಿಂಗ್ ತುಂಡನ್ನೇ ಗಾಡಿಗೆ ಹಾಕಿ ಹಿಂದೆ ಮುಂದೆ ಎಳೀರಿ, ಮೇಲೆ ಸುತ್ತಿರೋ ತಂತಿ ಅರದ ಥರ ಕೆಲಸ ಮಾಡುತ್ತೆ. ಹಲ್ಲು ದೊಡ್ಡದಿದ್ರೆ ಚಿಕ್ಕಪೇಟೆಯಲ್ಲಿ ಚಿನ್ನ ಬೆಳ್ಳಿ ಕೆಲಸ ಮಾಡೋ ಅಕ್ಕಸಾಲಿಗರ ಹತ್ರ ಸೂಜಿಯಂಥ ಸಣ್ಣ ಅರ ಇರುತ್ತೆ, ಕೇಳ್ಕೊಂಡ್ರೆ ಕೂತ ಜಾಗದಲ್ಲೇ ಎರಡು ನಿಮಿಷದಲ್ಲಿ ಮಾಡ್ಕೊಡ್ತಾರೆ, ಅವರಷ್ಟು ಹದವಾದ ಕೈ ಯಾವ ಗಿಟಾರ್ ಅಂಗಡೀಲೂ ಇಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಒಂದೇ ಎಚ್ಚರಿಕೆ, ಗಾಡಿ ಆಳ ಮಾಡಬಾರದು, ಆಳ ಆದ್ರೆ ಸ್ಟ್ರಿಂಗ್ ಕೆಳಗಿಳಿದು ಫ್ರೆಟ್‌ಗೆ, ಅಂದ್ರೆ ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿಗೆ, ತಾಗಿ ಜರ್ ಅನ್ನೋಕೆ ಶುರುವಾಗುತ್ತೆ. ಉಜ್ಜಿ ಆದ್ಮೇಲೆ ಪೆನ್ಸಿಲ್ ಸೀಸವನ್ನ ಗಾಡಿಗೆ ತೀಡಿ, ನಟ್‌ಗೂ ತೀಡಿ, ಸ್ಟ್ರಿಂಗ್ ಜಾರೋಕೆ ಅನುಕೂಲ.

ಟ್ರೆಮೊಲೊ, ಅಂದ್ರೆ ಸ್ವರ ಅಲುಗಿಸೋ ಹಿಡಿ, ಇರೋ ಬ್ರಿಡ್ಜ್‌ಗಳಲ್ಲಿ ಇನ್ನೊಂದು ಜಾಗ ಇದೆ, ಸ್ಟ್ರಿಂಗ್ ಕೆಳಗಿನ ಬ್ಲಾಕ್‌ನಿಂದ ಮೇಲೆ ಬರೋ ತೂತಿನ ಅಂಚು. ಅಲ್ಲಿ ಸ್ಟ್ರಿಂಗ್ ಉಜ್ಜಿ ಕಟ್ ಆಗ್ತಿದ್ರೆ ಮನೆ ವೈರಿಂಗ್ ಮಾಡೋ ಸಣ್ಣ ವೈರಿನ ಒಳಗಿನ ತಾಮ್ರ ಎಳೆದು ಹಾಕಿ, ಬರೀ ಪ್ಲಾಸ್ಟಿಕ್ ಸ್ಲೀವನ್ನ ಅರ್ಧ ಇಂಚು ಕತ್ತರಿಸಿ ಸ್ಟ್ರಿಂಗಿಗೆ ಪೋಣಿಸಿ, ಆ ಅಂಚಿಗೆ ಸರಿಯಾಗಿ ಕೂರಿಸಿದ್ರೆ ಆಯ್ತು.

ಇನ್ನು ಸುತ್ತೋ ವಿಷಯ. ಸಣ್ಣ ಸ್ಟ್ರಿಂಗ್‌ಗಳಿಗೆ ಕೀ ಕಂಬಕ್ಕೆ ಎರಡು ಮೂರು ಸುತ್ತು ಸಾಕು, ಒಂದರ ಕೆಳಗೆ ಒಂದು ನೀಟಾಗಿ ಇಳೀಬೇಕು, ಒಂದರ ಮೇಲೊಂದು ಏರಿ ಕೂರಬಾರದು. ದಪ್ಪ ಸ್ಟ್ರಿಂಗನ್ನ ಮೊದಲು ಮಡಚಿ ಆಮೇಲೆ ಕತ್ತರಿಸಿ, ಮೊದಲೇ ಕತ್ತರಿಸಿದ್ರೆ ಮೇಲಿನ ಸುತ್ತು ಸಡಿಲ ಆಗಿ ಸೌಂಡ್ ಸತ್ತು ಹೋಗಬಹುದು. ಅಂಗಡೀಲಿ ಎಷ್ಟೋ ದಿನ ಕೂತಿರೋ ಪೇಪರ್ ಕವರಿನ ಸ್ಟ್ರಿಂಗ್ ತುಕ್ಕು ಹಿಡಿದಿರುತ್ತೆ, ಕೊಳ್ಳೋಕೆ ಮುಂಚೆ ಬಿಚ್ಚಿ ತೋರ್ಸಿ ಅಂತ ಕೇಳಿ, ನಾಚಿಕೆ ಪಡಬೇಡಿ. ನುಡಿಸಿದ ಮೇಲೆ ಒಣ ಬಟ್ಟೇಲಿ ಸ್ಟ್ರಿಂಗ್ ಕೆಳಗೂ ಮೇಲೂ ಒರೆಸಿ, ಬೆವರಿನ ಉಪ್ಪು ಕಬ್ಬಿಣ ತಿನ್ನುತ್ತೆ.

ಎಳೆತ ಎಷ್ಟು ಅಂತ ಗೊತ್ತಿದ್ರೆ ಇದೆಲ್ಲಾ ಯಾಕೆ ಅಂತ ತಲೆಗೆ ಹತ್ತುತ್ತೆ. ಎಲೆಕ್ಟ್ರಿಕ್ ಗಿಟಾರಿನ ಹತ್ತರ ಸೆಟ್, ಅಂದ್ರೆ ಮೊದಲನೇ ಸ್ಟ್ರಿಂಗ್ 0.010 ಇಂಚು ದಪ್ಪ ಇರೋದು, ಸರಿಯಾಗಿ ಟ್ಯೂನ್ ಮಾಡಿದಾಗ ಆ ಒಂದೇ ಸ್ಟ್ರಿಂಗ್ 7 ಕೆಜಿಗಿಂತ ಜಾಸ್ತಿ ಎಳೀತಾ ಇರುತ್ತೆ, ಆರೂ ಸೇರಿ ಸುಮಾರು 46 ಕೆಜಿ, ಒಂದು ಸಿಮೆಂಟ್ ಮೂಟೆಗೆ ಸ್ವಲ್ಪ ಕಮ್ಮಿ. ಅಷ್ಟು ಎಳೆತದಲ್ಲಿರೋ ಕೂದಲಿನಂಥ ತಂತಿಗೆ ಒಂದು ಸಣ್ಣ ಗೀರು ಸಾಕು. ಕೆಲವರು ದಪ್ಪ ಸೆಟ್ ಹಾಕಿದ್ರೆ ಎಷ್ಟು ಬೇಕಾದ್ರೂ ಏರಿಸಬಹುದು ಅಂದ್ಕೊಂಡಿದಾರೆ, ಅದು ಸುಳ್ಳು. ದಪ್ಪ ಆದಷ್ಟೂ ಅದೇ ಸ್ವರಕ್ಕೆ ಎಳೆತಾನೂ ಅಷ್ಟೇ ಜಾಸ್ತಿ ಬೇಕು, ಹಂಗಾಗಿ ಒಂಬತ್ತರ ಸೆಟ್ಟೂ ಹತ್ತರ ಸೆಟ್ಟೂ ಹೆಚ್ಚುಕಡಿಮೆ ಅದೇ ಸ್ವರದ ಹತ್ರಾನೇ ಕಟ್ ಆಗೋದು, ದಪ್ಪ ತಂತಿ ಪಿಕ್ (ಮೀಟೋ ಬಿಲ್ಲೆ) ಏಟನ್ನ, ತುಕ್ಕನ್ನ ಸ್ವಲ್ಪ ಜಾಸ್ತಿ ತಡೆಯುತ್ತೆ ಅಷ್ಟೆ. ಸ್ಟೇಜ್ ಮೇಲೆ ಹಾಡೋರು ಶ್ರುತಿ ಒಂದು ಮನೆ ಏರ್ಸಿ ಅಂದ್ರೆ ಸ್ಟ್ರಿಂಗ್ ಎಳೀಬೇಡಿ, ಕ್ಯಾಪೊ ಅನ್ನೋ ಕ್ಲಿಪ್ಪನ್ನ ಕುತ್ತಿಗೆಗೆ ಹಾಕಿ. ಹೊಸಬರು ಟ್ಯೂನರ್ ಆ್ಯಪಲ್ಲಿ ಬರೀ ಅಕ್ಷರ ನೋಡಬೇಡಿ, ಹರ್ಟ್ಜ್, ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತೆ ಅನ್ನೋದು ನೋಡಿ, ದಪ್ಪ ಸ್ಟ್ರಿಂಗಿನ ಇ ಸ್ವರ 82.4, ಸಣ್ಣ ಸ್ಟ್ರಿಂಗಿನ ಇ 329.6, ಅಕ್ಷರ ಒಂದೇ ಅಂತ ತಿರುಗಿಸ್ತಾ ಹೋದ್ರೆ ಹೊಸ ಸ್ಟ್ರಿಂಗ್ ಕಣ್ಮುಂದೆನೇ ಹೋಗುತ್ತೆ.

ಹಂಗಂತ ಪಿಕಪ್ ಯಾವತ್ತೂ ಬದಲಾಯಿಸಲೇಬಾರದು ಅಂತ ನಾನು ಹೇಳ್ತಿಲ್ಲ. ಸೌಂಡಿಗೋಸ್ಕರ ಬದಲಾಯಿಸಿ, ಗುಂಯ್ ಅನ್ನೋದು ತಡೆಯೋಕೆ ಆಗ್ತಿಲ್ಲ ಅಂದ್ರೆ ಬದಲಾಯಿಸಿ, ಆದ್ರೆ ಏನು ತಗೋತಿದೀವಿ ಅಂತ ತಿಳ್ಕೊಂಡು ತಗೊಳ್ಳಿ. ನಮ್ಮ ಜಿಲ್ಲೇಲಿ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂದ್ರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಪಿಕಪ್ಪೂ ವೈಂಡಿಂಗೇ, ಅಯಸ್ಕಾಂತದ ಸುತ್ತ ಎನಾಮಲ್ ಬಳಿದ ತಾಮ್ರದ ತಂತಿ, ಆದ್ರೆ ಸಾಮಾನ್ಯವಾಗಿ 42 ಗೇಜಿಂದು, 0.06 ಮಿಲಿಮೀಟರ್ ದಪ್ಪ, ಸಾವಿರಾರು ಸುತ್ತು. ಕಬ್ಬಿಣದ ಸ್ಟ್ರಿಂಗ್ ಅದರ ಮೇಲೆ ಅಲುಗಾಡಿದಾಗ ಸುರುಳೀಲಿ ಕರೆಂಟ್ ಹುಟ್ಟುತ್ತೆ, 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದಿದ್ದೇ ಇದು. ಅಮೆರಿಕದ ಜಾರ್ಜ್ ಬೀಚಮ್ ಅನ್ನೋರು 1931ರಲ್ಲಿ ಇದನ್ನ ಗಿಟಾರಿಗೆ ತಂದ್ರು, ಅದೂ ಮಡಿಲಲ್ಲಿ ಮಲಗಿಸ್ಕೊಂಡು ನುಡಿಸೋ ಹವಾಯನ್ ಗಿಟಾರಿಗೆ. ಹಳೇ ಆರ್ಕೆಸ್ಟ್ರಾ ಕೇಳಿದ ಹಿರಿಯರಿಗೆ ಆ ಗಿಟಾರಿನ ಜಾರೋ ಸೌಂಡ್ ಇನ್ನೂ ನೆನಪಿರುತ್ತೆ.

ಒಂದೇ ಸುರುಳಿ ಇರೋ ಸಿಂಗಲ್ ಕಾಯಿಲ್ ಸೌಂಡ್ ಗಾಜಿನ ಥರ ಸ್ವಚ್ಛ, ನಂಗೆ ಪ್ರಾಣ. ಆದ್ರೆ ಅದಕ್ಕೆ ಸ್ಟ್ರಿಂಗ್ ಯಾವುದು ಪಕ್ಕದ ಟ್ರಾನ್ಸ್‌ಫಾರ್ಮರ್ ಯಾವುದು ಅನ್ನೋ ಭೇದ ಇಲ್ಲ, ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್ ಅನ್ನೋದನ್ನೂ ಹೀರ್ಕೊಂಡು ಬರುತ್ತೆ. ಗಣೇಶನ ಪೆಂಡಾಲಲ್ಲಿ ಸೀರಿಯಲ್ ಸೆಟ್, ಫೋಕಸ್ ಲೈಟ್, ಹಿಂದೆ ಜನರೇಟರ್, ಎಲ್ಲಾ ಸೇರಿ ಹಾಡಿಗಿಂತ ಆ ಗುಂಯ್ ಅನ್ನೋ ಹಮ್ಮೇ ಜಾಸ್ತಿ ಆಗಿಬಿಡುತ್ತೆ. ಇದಕ್ಕೇ ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಹಂಬಕರ್ ಮಾಡಿದ್ದು. ಎರಡು ಸುರುಳಿ, ಒಂದರ ಅಯಸ್ಕಾಂತ ಉಲ್ಟಾ, ಸುತ್ತೂ ಉಲ್ಟಾ, ಹಂಗಾಗಿ ಹೊರಗಿಂದ ಬಂದ ಹಮ್ ಒಂದಕ್ಕೊಂದು ಹೊಡೆದು ಹೋಗುತ್ತೆ, ಸ್ಟ್ರಿಂಗ್ ಸೌಂಡ್ ಮಾತ್ರ ಎರಡೂ ಸೇರಿ ದೊಡ್ಡದಾಗುತ್ತೆ. ನಮ್ಮ ಕಡೆ ಪೆಂಡಾಲ್ ಪ್ರೋಗ್ರಾಮ್ ಮಾಡೋ ಹುಡುಗ್ರಿಗೆ ನಾನು ಹೇಳೋದು, ಬ್ರಿಡ್ಜ್ ಜಾಗಕ್ಕಾದ್ರೂ ಹಂಬಕರ್ ಹಾಕಿ, ಗಿಟಾರಿನ ಮೈ ಕೆತ್ತೋದು ಬೇಡ ಅಂದ್ರೆ ಸಿಂಗಲ್ ಕಾಯಿಲ್ ಅಳತೆಯಲ್ಲೇ ಬರೋ ಎರಡು ಸುರುಳಿಯ ಪಿಕಪ್ ಸಿಗುತ್ತೆ, ಅದು ಹಾಕಿ. ಮನೇಲಿ ಕೂತು ನುಡಿಸೋರಿಗೆ ಸಿಂಗಲ್ ಕಾಯಿಲ್ಲೇ ಇರಲಿ ಬಿಡಿ, ಅದರ ಸೊಗಸೇ ಬೇರೆ.

ಇನ್ನೊಂದು ಮೋಸ ಹೋಗೋ ಜಾಗ ಅಂದ್ರೆ ಓಮ್ ಲೆಕ್ಕ, ಅಂದ್ರೆ ಸುರುಳಿಯ ತಂತಿ ಕರೆಂಟನ್ನ ಎಷ್ಟು ತಡೆಯುತ್ತೆ ಅನ್ನೋ ಅಳತೆ. ಎಂಟು ಸಾವಿರ ಓಮ್, ಹದಿನಾರು ಸಾವಿರ ಓಮ್ ಅಂತ ಹೇಳಿ ಜಾಸ್ತಿ ಇದ್ರೆ ಜಾಸ್ತಿ ಪವರ್ ಅಂತ ಮಾರ್ತಾರೆ. ತಂತಿ ಇನ್ನೂ ಸಣ್ಣ ಹಾಕಿದ್ರೆ ಅಷ್ಟೇ ಸುತ್ತಿಗೆ ಓಮ್ ತಾನಾಗೇ ಜಾಸ್ತಿ ಆಗುತ್ತೆ, ಅದರಿಂದ ಸೌಂಡ್ ಜಾಸ್ತಿ ಆಗಬೇಕು ಅಂತೇನಿಲ್ಲ, ಅಯಸ್ಕಾಂತ ಆಲ್ನಿಕೊನಾ ಸೆರಾಮಿಕ್ಕಾ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಆದ್ರೆ ಇರೋ ಪಿಕಪ್ ಬದುಕಿದೆಯಾ ಸತ್ತಿದೆಯಾ ಅಂತ ನೋಡೋಕೆ ಮಲ್ಟಿಮೀಟರ್ ಬೇಕೇ ಬೇಕು. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಇಟ್ಟು, ಕೇಬಲ್ಲಿನ ಇನ್ನೊಂದು ತುದೀಲಿ ಅಳೀರಿ. ಸಿಂಗಲ್ ಕಾಯಿಲ್ ಆದ್ರೆ ಆರು ಏಳು ಸಾವಿರದ ಆಸುಪಾಸು, ಮಾಮೂಲಿ ಹಂಬಕರ್ ಆದ್ರೆ ಎಂಟು ಸಾವಿರದ ಹತ್ರ ತೋರಿಸುತ್ತೆ. ಅದು ಬಿಟ್ಟು ಎರಡೂವರೆ ಲಕ್ಷ, ಐದು ಲಕ್ಷ ಓಮ್ ಅಂತ ತೋರಿಸಿದ್ರೆ ನೀವು ನೋಡ್ತಿರೋದು ವಾಲ್ಯೂಮ್ ಪಾಟ್, ಅಂದ್ರೆ ವಾಲ್ಯೂಮ್ ತಿರುಗಿಸೋ ಭಾಗ, ಮಾತ್ರ, ಸುರುಳಿ ಒಳಗೆಲ್ಲೋ ಕಟ್ ಆಗಿದೆ ಇಲ್ಲಾ ಬೆಸುಗೆ ಬಿಟ್ಟಿದೆ. ಬೆಸುಗೆ ಬಿಟ್ಟಿದ್ರೆ ಯಾವ ಟಿವಿ ಮೆಕ್ಯಾನಿಕ್ಕಾದ್ರೂ ಐದು ನಿಮಿಷದಲ್ಲಿ ಹಾಕ್ಕೊಡ್ತಾರೆ, ಹೊಸ ಪಿಕಪ್ ಬೇಕಾಗೇ ಇಲ್ಲ.

ದುಡ್ಡು ಬಿಚ್ಚೋಕೆ ಮುಂಚೆ ಪಿಕಪ್ಪಿನ ಎತ್ತರ ಸರಿ ಮಾಡಿ ನೋಡಿ, ಎರಡು ಸ್ಕ್ರೂ, ಒಂದು ಸ್ಕ್ರೂಡ್ರೈವರ್, ಖರ್ಚಿಲ್ಲ. ಕೊನೇ ಫ್ರೆಟ್ ಒತ್ತಿ ಹಿಡಿದು ಸ್ಟ್ರಿಂಗ್ ಕೆಳಗಿಂದ ಪಿಕಪ್ ತಲೆವರೆಗೆ ಎರಡು, ಎರಡೂವರೆ ಮಿಲಿಮೀಟರ್ ಬಿಟ್ಟು ಶುರು ಮಾಡಿ, ದಪ್ಪ ಸ್ಟ್ರಿಂಗ್ ಕಡೆ ಸ್ವಲ್ಪ ಜಾಸ್ತಿ. ತೀರಾ ಹತ್ರ ಇಟ್ರೆ ಅಯಸ್ಕಾಂತ ಸ್ಟ್ರಿಂಗನ್ನ ಎಳೀತಾ ಇರುತ್ತೆ, ಮೇಲಿನ ಫ್ರೆಟ್‌ಗಳಲ್ಲಿ ಒಂದು ಸ್ವರಕ್ಕೆ ಎರಡು ಸ್ವರ ಕೇಳಿದಂಗೆ ಆಗುತ್ತೆ, ಎಷ್ಟೋ ಜನ ಅದನ್ನ ಟ್ಯೂನಿಂಗ್ ನಿಲ್ತಿಲ್ಲ ಅಂದ್ಕೊಂಡು ಕೀನೇ ಬದಲಾಯಿಸ್ತಾರೆ.

ಬದಲಾಯಿಸೋದೇ ಆದ್ರೆ ಅಳತೆ ತಗೊಂಡು ಹೋಗಿ. ಮೊದಲನೇ ಸ್ಟ್ರಿಂಗಿಂದ ಆರನೇ ಸ್ಟ್ರಿಂಗಿಗೆ ಬ್ರಿಡ್ಜ್ ಹತ್ರ ಎಷ್ಟು ಮಿಲಿಮೀಟರ್ ಇದೆ ನೋಡಿ, ಗಿಬ್ಸನ್ ಥರದ್ದಕ್ಕೆ 50ರ ಹತ್ರ, ಫೆಂಡರ್ ಥರದ್ದಕ್ಕೆ 53ರ ಹತ್ರದ ಹಂಬಕರ್ ಕೇಳಿ. ಸಿಂಗಲ್ ಕಾಯಿಲ್ ತೆಗೆದು ಹಂಬಕರ್ ಹಾಕಿದ್ರೆ 250 ಕೆ, ಅಂದ್ರೆ ಎರಡೂವರೆ ಲಕ್ಷ ಓಮಿನ, ಪಾಟ್ ಜಾಗಕ್ಕೆ 500 ಕೆ ಹಾಕಿ, ಇಲ್ಲಾಂದ್ರೆ ಸೌಂಡ್ ಕಂಬಳಿ ಹೊದಿಸಿದಂಗೆ ಮಂಕಾಗುತ್ತೆ. ವೈರಿನ ಬಣ್ಣ ನಂಬಬೇಡಿ, ಕಂಪನಿಗೊಂದು ಲೆಕ್ಕ, ಸೀಮೋರ್ ಡಂಕನ್‌ನಲ್ಲಿ ಕಪ್ಪು ವೈರ್ ಹಾಟ್, ಅಂದ್ರೆ ಸೌಂಡ್ ಸಿಗ್ನಲ್ ಹೊರಡೋದು, ಆದ್ರೆ ಡಿಮಾರ್ಜಿಯೊದಲ್ಲಿ ಕೆಂಪು. ಡಬ್ಬದಲ್ಲಿ ಬರೋ ಚೀಟಿ ನೋಡದೆ ಬೆಸುಗೆ ಹಾಕಿದ್ರೆ ಎರಡು ಪಿಕಪ್ ಒಟ್ಟಿಗೆ ಆನ್ ಮಾಡಿದಾಗ ಸೌಂಡ್ ಸಣಕಲಾಗಿ ಮೂಗಲ್ಲಿ ಬರುತ್ತೆ. ಇದನ್ನೆಲ್ಲಾ ಮಾಡೋರು ಊರಲ್ಲಿಲ್ಲ ಅಂತ ಹುಡುಗ್ರು 70 ಕಿಲೋಮೀಟರ್ ಬೆಂಗಳೂರಿಗೆ ಗಿಟಾರ್ ಹೊತ್ಕೊಂಡು ಪ್ಯಾಸೆಂಜರ್ ಟ್ರೈನಲ್ಲಿ ನಿಂತ್ಕೊಂಡು ಹೋಗ್ತಾರೆ.

ಒಂದು ಮಾತು ಸ್ಟೇಜ್ ಕಮಿಟಿಯವರಿಗೂ ಹೇಳ್ಬೇಕು, ಇದು ಪ್ರಾಣದ ವಿಷಯ. ಗಿಟಾರಿನ ಸ್ಟ್ರಿಂಗು ಒಳಗಿನ ಅರ್ತ್ ವೈರಿಂದ ಆಂಪ್ಲಿಫೈಯರ್ ಬಾಡಿಗೆ ಸೇರಿರುತ್ತೆ. ಆಂಪಲ್ಲಿ ಲೀಕೇಜ್ ಇದ್ದು, ಪ್ಲಗ್ಗಿಗೆ ಅರ್ತ್ ಇಲ್ಲದೇ, ಮೈಕ್ ಬೇರೆ ಲೈನಿಂದ ಬಂದಿದ್ರೆ, ಕೈ ಸ್ಟ್ರಿಂಗ್ ಮೇಲೆ ತುಟಿ ಮೈಕ್ ಮೇಲೆ ಇಟ್ಟ ಕ್ಷಣ ಕರೆಂಟ್ ಮೈ ಒಳಗಿಂದಾನೇ ಹಾಯುತ್ತೆ. ಹಳ್ಳಿ ಕಡೆ ಮೂರನೇ ಪಿನ್ ಕಿತ್ತು ಎರಡು ಪಿನ್ನಲ್ಲಿ ಚುಚ್ಚೋದು ನಾನು ಇವತ್ತೂ ನೋಡ್ತಿದೀನಿ. ದಯವಿಟ್ಟು ಇಡೀ ಸ್ಟೇಜಿಗೆ ಒಂದೇ ಬೋರ್ಡಿಂದ ಸಪ್ಲೈ ಕೊಡಿ, ಅರ್ತ್ ಚೆಕ್ ಮಾಡ್ಸಿ, ಲೀಕೇಜ್ ಆದ ಕೂಡಲೇ ಕರೆಂಟ್ ಕಡಿಯೋ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಒಂದು ಹಾಕ್ಸಿ, ಹೂವಿನ ಅಲಂಕಾರಕ್ಕೆ ಆಗೋ ಖರ್ಚಿನ ಮುಂದೆ ಅದೇನೂ ಅಲ್ಲ. ಹಾಡೋಕೆ ಮುಂಚೆ ಮೈಕಿನ ಜಾಲರಿಗೆ ಟೆಸ್ಟರ್ ಇಟ್ಟು ನೋಡೋದನ್ನ ಪ್ರತಿ ಗಿಟಾರಿಸ್ಟೂ ಅಭ್ಯಾಸ ಮಾಡ್ಕೊಳ್ಳಿ.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ನಾಟಕದ ಗುಬ್ಬಿ ವೀರಣ್ಣನವರ ಜಿಲ್ಲೆ ಇದು, ಅವರ ಹೆಸರಿನ ಕಲಾಕ್ಷೇತ್ರ ನಮ್ಮೂರಲ್ಲೇ ಇದೆ. ಅಲ್ಲಿ ಕಾರ್ಯಕ್ರಮ ಆಗುತ್ತೆ, ಸನ್ಮಾನ ಆಗುತ್ತೆ, ಅದರ ಜೊತೆಗೆ ವಾದ್ಯ ರಿಪೇರಿ ಕಲಿಸೋ ಒಂದು ಶಿಬಿರಾನೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ಇಡಬೇಕು, ಗಿಟಾರ್ ಒಂದೇ ಅಲ್ಲ, ಹಾರ್ಮೋನಿಯಂ ರೀಡು, ತಬಲಾ ಮುಚ್ಚಿಗೆ, ಕೀಬೋರ್ಡ್ ಎಲ್ಲಾ ಸೇರಲಿ. ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದೋ ಮಕ್ಕಳನ್ನ ಕರೀರಿ, ಅವರಿಗೆ ಬೆಸುಗೆ ಬರುತ್ತೆ, ಮೀಟರ್ ಹಿಡಿಯೋಕೆ ಬರುತ್ತೆ, ಗಿಟಾರ್ ಒಳಗಡೆ ಬಿಚ್ಚಿ ತೋರಿಸೋರು ಬೇಕು ಅಷ್ಟೆ, ನಾಳೆ ಅದೇ ಅವರಿಗೆ ಒಂದು ಕಸುಬಾಗುತ್ತೆ. ದೊಡ್ಡ ಹಾಲ್ ಬೇಡ, ಹಬ್ಬಕ್ಕೆ ಮುಂಚೆ ಒಂದು ಭಾನುವಾರ ಎರಡು ಟೇಬಲ್ಲು, ಅರ್ತ್ ಇರೋ ಒಂದು ಪ್ಲಗ್ ಪಾಯಿಂಟ್ ಕೊಟ್ರೆ ಸಾಕು, ನನ್ನ ಸೋಲ್ಡರಿಂಗ್ ಐರನ್, ಮೀಟರ್, ಅರ ಎಲ್ಲಾ ತಗೊಂಡು ಬಂದು ಬೆಳಗ್ಗೆಯಿಂದ ಸಂಜೆವರೆಗೂ ಕೂತ್ಕೊಳ್ಳೋಕೆ ನಾನು ರೆಡಿ ಇದೀನಿ.

ಇಂತಿ ನಿಮ್ಮ ಓದುಗ,
ಒಬ್ಬ ಆರ್ಕೆಸ್ಟ್ರಾ ಗಿಟಾರ್ ವಾದಕ, ತುಮಕೂರು